ಖಾಲಿ ಕಂಸ

ಎಸ್ಟೋನಿಯಾದ ಈ ತೀರದಲ್ಲಿ ಅಕ್ಟೋಬರಿನ ಬೆಳಗೆಂದರೆ
ಬಲೆಯ ತುಂಬ ಮಂಜು, ಮಂಜಿನ ನಡುವೆ
ಮಿಸುಕುವ ಒಂದು ಚಿಟಿಕೆ ಜೀವ.
ನಮ್ಮ ಮಾತಿನಲ್ಲಿ ಅದರ ಹೆಸರೇ ಹೆಬ್ಬೆಟ್ಟು ಹುಡುಗ.
ನೆತ್ತಿಯ ಮೇಲೆ ಹಳದಿ ಗೀರು,
ತೂಕ ಐದು ಗ್ರಾಮು, ಮೇಲಿಷ್ಟು ಚಿಲ್ಲರೆ.

ಯಾಗುಪ್ ಅದನ್ನು ಎರಡು ಬೆರಳ ಸಂದಿಯಲ್ಲಿ ಹಿಡಿದು
ಕಾಲಿಗೆ ಉಂಗುರ ತೊಡಿಸುತ್ತಾನೆ,
ಗುಲಗಂಜಿಗೂ ಹಗುರಾದ ಉಂಗುರ.
"ಇದಕ್ಕಿಂತ ಒಂದು ಕೂದಲು ಹೆಚ್ಚಾದರೂ, ಪಿಲ್ಲೆ,
ಸಮುದ್ರ ದಾಟೋದಿಲ್ಲ ಇದು" ಅನ್ನುತ್ತಾನೆ.
ಪ್ರತಿ ಹಕ್ಕಿಗೂ ಅನ್ನುತ್ತಾನೆ.
ಪ್ರತಿ ಹಕ್ಕಿಗೂ ನಾನು ತಲೆಯಾಡಿಸುತ್ತೇನೆ.

ನನ್ನ ಕೆಲಸ ಒಳಗೆ, ಕಬ್ಬಿಣದ ಒಲೆಯ ಪಕ್ಕ,
ಯಾರೋ ದಾನ ಕೊಟ್ಟ ಮುದಿ ಕಂಪ್ಯೂಟರಿನ ಮುಂದೆ.
ಪೈಥಾನಿನಲ್ಲಿ ಹಕ್ಕಿಗೊಂದು ದಾಖಲೆ:
ಉಂಗುರ, ಜಾತಿ, ರೆಕ್ಕೆ, ತೂಕ.
ನಾಲ್ಕೇ ಮನೆ, ನಾಲ್ಕಕ್ಕೂ ಹೆಸರು.
ಒಮ್ಮೆ ತುಂಬಿದರೆ ಮುಗಿಯಿತು, ಬರೆದದ್ದು ಬರೆದದ್ದೇ.
ಅದಕ್ಕೆ ಬಾಯಿಲ್ಲ. ಕೇಳಿದ್ದನ್ನು ತೋರಿಸುತ್ತದೆ ಅಷ್ಟೇ,
ಅಂಗೈ ಬಿಚ್ಚುವ ಮಗುವಿನ ಹಾಗೆ.

ನನಗೋ, ಅದು ಮಾತಾಡಬೇಕಿತ್ತು.
"ಪೋಲೆಂಡಿನವರೆಗೆ ಸಾಕೇನೋ ನಿನ್ನ ಕೊಬ್ಬು?" ಎಂದರೆ
ತೂಕವನ್ನು ರೆಕ್ಕೆಯಿಂದ ಭಾಗಿಸಿ
ತಾನೇ ಹೇಳಬೇಕಿತ್ತು.
ಹಾಗಾಗಿ ಆ ದಾಖಲೆಗೊಬ್ಬ ಮಗಳನ್ನು ಹುಟ್ಟಿಸಿದೆ.
ತಾಯಿಯ ನಾಲ್ಕೂ ಮನೆ ಅವಳಿಗೆ ಬಳುವಳಿ,
ಮೇಲೊಂದು ಉತ್ತರ.

ಹತ್ತು ಹಕ್ಕಿಯವರೆಗೆ ಚೆನ್ನಾಗಿಯೇ ಇತ್ತು.
ಮೂವತ್ತು ವರ್ಷದ ಕಡತ, ಒಂಬತ್ತು ಲಕ್ಷ ಹಕ್ಕಿ
ಸಾಲುಗಟ್ಟಿ ಒಳಗೆ ಬಂದಾಗ
ಫ್ಯಾನು ಊಳಿಟ್ಟಿತು, ಪರದೆ ಕಲ್ಲಾಯಿತು.
ಯಾಗುಪ್ ಬಾಗಿಲಲ್ಲಿ ಇಣುಕಿ
"ಒಲೆಗೆ ಸೌದೆ ಹೆಚ್ಚಾಯಿತೇ?" ಅಂದ.

ರಾತ್ರಿ ಕೂತು ಹುಡುಕಿದೆ.
ನನ್ನ ಮಗಳು, ನಾನು ಹೇಳದೆಯೇ, ಭಾಷೆಯ ವಾಡಿಕೆಯಂತೆ,
ಒಂದೊಂದು ಹಕ್ಕಿಯ ಕೊರಳಿಗೂ ಜಾಗ ಬಿಟ್ಟಿದ್ದಳು ಒಂದು ಚೀಲಕ್ಕೆ,
ಮುಂದೆಂದಾದರೂ ಏನಾದರೂ ಇಡಬೇಕಾದೀತು ಎಂದು.
ನಾನೂ ಇಟ್ಟಿದ್ದೆ!
ಮತ್ತೆ ಮತ್ತೆ ಭಾಗಿಸುವ ಸೋಮಾರಿತನಕ್ಕೆ
ಉತ್ತರವನ್ನು ಅದರೊಳಗೆ ತುರುಕಿದ್ದೆ.
ಬೀಗ ಹಾಕಿದ ಮನೆ ಎಂದುಕೊಂಡಿದ್ದೆನಲ್ಲ,
ಹಿತ್ತಿಲ ಬಾಗಿಲು ತೆರೆದೇ ಇತ್ತು.
ಒಂಬತ್ತು ಲಕ್ಷ ಚೀಲ,
ಹಕ್ಕಿಗಿಂತ ಚೀಲವೇ ಭಾರ.

ಒಂದೇ ಒಂದು ಸಾಲು ಸೇರಿಸಿದೆ ಅವಳ ಮೈಗೆ:
ಸ್ಲಾಟ್ಸ್ ಎಂಬ ಹೆಸರು, ಸಮ ಚಿಹ್ನೆ,
ಆಮೇಲೆ ಒಂದು ಜೊತೆ ಕಂಸ, ನಡುವೆ ಏನೂ ಇಲ್ಲ.
ತಾಯಿ ಕೊಟ್ಟದ್ದು ಸಾಕು, ಹೊಸ ಜಾಗ ಬೇಡ.
ಉತ್ತರವನ್ನು ಕೇಳಿದಾಗ ಹೇಳು, ಹೊತ್ತು ತಿರುಗಬೇಡ.
ಕಿಟಕಿ ಬೆಳ್ಳಗಾಗುವಷ್ಟರಲ್ಲಿ
ಎಲ್ಲವೂ ದಾಟಿದ್ದವು.

ಯಾಗುಪ್ ಕಾಫಿ ಲೋಟದೊಂದಿಗೆ ಬಂದು ಕೂತ.
ತೊಂಬತ್ತೆಂಟರಲ್ಲಿ ಒಂದು ತೂಕ ತಪ್ಪಿದೆ ಅಂದ.
"ಐದು ಬರೆಯುವಲ್ಲಿ ಎಂಟು ಬರೆದೆ.
ಅವತ್ತು ಹೆಲ್ವೆ ಆಸ್ಪತ್ರೆಯಲ್ಲಿದ್ದಳು.
ತಿದ್ದುತ್ತೀಯಾ?"

ತಿದ್ದಲಾಗದು, ಎಂದೆ. ಹಳೆಯದನ್ನು ನೋಡಿಕೊಂಡು
ಹೊಸದೊಂದು ಮಾಡಬಹುದು, ಮೂರು ಮನೆ ಹಾಗೆಯೇ,
ಒಂದು ಮಾತ್ರ ಬೇರೆ.
ಹಳೆಯದನ್ನು ಯಾರೂ ಹಿಡಿದಿರದಿದ್ದರೆ
ತಾನಾಗಿ ಕರಗಿಹೋಗುತ್ತದೆ.

ಒಲೆಯೊಳಗೆ ಒಂದು ಕೊಳ್ಳಿ ಮಗ್ಗುಲು ಬದಲಿಸಿತು.
"ಹೊಸದು ಮಾಡು" ಅಂದ. "ಹಕ್ಕಿಗೆ ನ್ಯಾಯ ಸಲ್ಲಲಿ.
ಹಳೆಯದನ್ನು ನಾನು ಹಿಡಿದಿರುತ್ತೇನೆ."

ಹೊರಗೆ ಬಲೆ ಅಲುಗಿತು.
ಉಂಗುರದ ಡಬ್ಬಿ ಜೇಬಿಗೆ ಹಾಕಿಕೊಂಡು ಎದ್ದ.
ಅಷ್ಟೂ ಉಂಗುರಗಳಿದ್ದರೂ
ಜೇಬು ಜೋತು ಬೀಳಲಿಲ್ಲ.