ಹದಿಮೂರು ಮಾತ್ರೆ

ಕೋಡಿಬಾಗದಲ್ಲಿ ಸೇತುವೆ ಬರುವ ಮೊದಲು
ತಾರಿ ದಾಟಿಸುತ್ತಿದ್ದ ಪುರ್ಸು ತಾಂಡೇಲ
ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟ ಕಥನ.
ಭಾಮಿನಿ ಷಟ್ಪದಿ, ಮೂವತ್ತೊಂದು ಪದ್ಯ.
ನಾನು ಹೈಸ್ಕೂಲಿನಲ್ಲಿ ಛಂದಸ್ಸು ಕಲಿಸುವವನು,
ಪೆನ್ಸಿಲ್ ಚೂಪು ಮಾಡಿಕೊಂಡು ಕೂತೆ.

ಲಘುವಿಗೆ ಪುಟ್ಟ ದೋಣಿ, ಗುರುವಿಗೆ ಅಡ್ಡಗೆರೆ.
ಮೂರು ನಾಲ್ಕು ಮೂರು ನಾಲ್ಕು,
ಸಾಲಿನ ನೆತ್ತಿಯ ಮೇಲೆ ದೋಣಿಗಳು ಹೊರಟವು.

ಇಪ್ಪತ್ತೆರಡು ಪದ್ಯ ಬರೀ ಹೊರಡುವುದಕ್ಕೇ:
ಸದಾಶಿವಗಡಕ್ಕೆ ಹೋಗುವ ಒಣಮೀನಿನ ಬುಟ್ಟಿ,
ಚಿಲ್ಲರೆಯ ಜಗಳ, ಯಾರದೋ ಆಡು.
ಕೊನೆಯ ಎಂಟರಲ್ಲಿ ಬುಟ್ಟಿ ಸಿಕ್ಕಿತು, ಹುಟ್ಟು ಸಿಕ್ಕಿತು,
ಆಡು ತಾನೇ ಈಜಿ ದಡ ಸೇರಿತು.
ಮುಳುಗುವುದಕ್ಕೆ ಇರುವುದು ನಡುವಿನ ಒಂದೇ ಪದ್ಯ:

    ಕಾಳಿ ಮುನಿದಳು ನಡುವಿನಿರುಳಲಿ
    ಗಾಳಿ ತಿರುಗಿತು ಹಾಯಿ ಹರಿಯಿತು
    ತಾಳ ತಪ್ಪಿದ ಹುಟ್ಟು ಹೊಡೆಯಿತು ನೀರ ನೆತ್ತಿಯನು
    ಏಳು ಮಂದಿಯೊಳೊಬ್ಬನಿಳಿದನು
    ಸಾಂತು ತಿರುಗಿಯು ನೋಡಲಿಲ್ಲವೊ
    ಹೇಳಲೇನಿದೆ ನದಿಗೆ

ತಾಳ ತಪ್ಪಿತೆಂದು ಹೇಳುವ ಸಾಲಿನಲ್ಲಿ
ತಾಳ ಒಂದು ಕೂದಲೂ ತಪ್ಪಿಲ್ಲ.
ಇಳಿದನು ಅನ್ನುತ್ತಾನೆ,
ಧಕ್ಕೆ ಬಂತು, ಚೀಲ ಎತ್ತಿಕೊಂಡ, ಇಳಿದ ಎಂಬಂತೆ.
ಆದರೆ ಪ್ರಾಸ?
ಎರಡನೆಯ ಅಕ್ಷರ ಎಲ್ಲ ಕಡೆ ಳಕಾರ,
ಐದನೆಯ ಸಾಲಿನಲ್ಲಿ ಮಾತ್ರ ತಕಾರ ನುಗ್ಗಿದೆ.
ಪ್ರಾಸಭಂಗ, ಎಂದು ಬರೆದೆ.
ಸಾಂತು ಹೊಡೆದು ಮೇಲೆ ಕಾಳ ಎಂದು ಮಾಡಿದೆ:
ಅದೂ ಮೂರೇ ಮಾತ್ರೆ, ಅದೂ ಮನುಷ್ಯನ ಹೆಸರೇ.
ಆರನೆಯ ಸಾಲು ಹತ್ತಕ್ಕೇ ನಿಂತಿದೆ.
ಅದಕ್ಕೆ ಅಂಚಿನಲ್ಲಿ, ಎರಡು ಗೆರೆ ಎಳೆದು:
ಹದಿಮೂರು ಮಾತ್ರೆಯ ಮೌನ, ಇದು ಕವಿಯ ಸಿದ್ಧಿ.

ಭಾನುವಾರ ಹೋಗಿ ಓದಿ ತೋರಿಸಿದೆ.
‘ಹದಿಮೂರು ಮಾತ್ರೆಯಾ?’ ನಕ್ಕ ಪುರ್ಸು,
‘ನನಗೆ ದಿನಕ್ಕೆ ಐದು ಕೊಟ್ಟಿದ್ದಾರೆ, ಅದೇ ಹೆಚ್ಚು.
ಮೌನ ಗೀನ ಎಂತದೂ ಇಲ್ಲ ಮಾಸ್ತರೇ,
ಅಲ್ಲಿ ಇಲಿ ತಿಂದದ್ದು.’
ಪುಟ ಬೆಳಕಿಗೆ ಹಿಡಿದೆ. ಹೌದು, ಹಲ್ಲಿನ ಗುರುತು.
ಏನಿತ್ತು ಅಲ್ಲಿ? ‘ನೆನಪಿಲ್ಲ.’

ಆಮೇಲೆ ಅವನ ಬೆರಳು ಮೆಲ್ಲಗೆ ಮೇಲಿನ ಸಾಲಿಗೆ ಏರಿತು.
‘ಇವ ಯಾರು, ಕಾಳ?’
ಪ್ರಾಸಕ್ಕೆ, ಅಂದೆ.
ತುಂಬ ಹೊತ್ತು ಸುಮ್ಮನಿದ್ದ.
‘ಎಡದ ಹುಟ್ಟು ಸಾಂತುನದ್ದು, ಬಲದ್ದು ನಂದು.
ಹೆಸರಿಗೆ ಪ್ರಾಸ ಹುಡುಕಿದರೆ
ಬೇರೆ ಯಾರೋ ಮುಳುಗಿದ ಹಾಗಾಗ್ತದೆ.
ಇಲಿ ತಿಂದದ್ದು ಬೇಕಾದರೆ ನೀವು ತುಂಬಿ.’

ಸೇತುವೆಯ ಮೇಲೆ ನಡೆದು ವಾಪಸಾದೆ.
ಲಾರಿ ದಾಟುವಾಗ ಕೆಳಗಿನ ಬೆಸುಗೆ ಸದ್ದು ಮಾಡುತ್ತಿತ್ತು.
ನಾಲ್ಕರ ಗಣ ಒಂದು ಸಿಕ್ಕಿತು, ಮೂರರದ್ದೂ ಒಂದು,
ಮುಂದಿನದು ಕೋಡಿಬಾಗದ ದೀಪಗಳವರೆಗೂ ಬರಲಿಲ್ಲ.
ಮನೆಯಲ್ಲಿ ರಬ್ಬರು ತೆಗೆದು ಕಾಳನನ್ನು ಅಳಿಸಿದೆ.
ಒತ್ತಿ ಬರೆದಿದ್ದೆ.
ಕಾಗದ ಓರೆ ಮಾಡಿದರೆ ಇನ್ನೂ ಕಾಣುತ್ತಾನೆ.