ಅಕ್ಟೋಬರ್, ಎಡಗಾಲು ಕುಂಟು

ಬನ್ನಿ, ಹೊಸ್ತಿಲು ಎತ್ತರವಿದೆ, ಜೋಪಾನ.
ಕೇಪಿನ ಹಳೆಯ ದ್ರಾಕ್ಷಿತೋಟದ ಮನೆ ಇದು.
ಕೈಗೆ ಕೊಟ್ಟ ಹಾಳೆಯಲ್ಲಿ ಎಲ್ಲ ಇದೆ:
ಸಾವಿರದ ಏಳುನೂರ ತೊಂಬತ್ತರಲ್ಲಿ ಕಟ್ಟಲಾಯಿತು,
ಓಕ್ ಮರಗಳನ್ನು ನೆಡಲಾಯಿತು,
ಚಿಪ್ಪು ಸುಟ್ಟು ಸುಣ್ಣ ಬಳಿಯಲಾಯಿತು.
ಹನ್ನೊಂದು ವರ್ಷ ಇದನ್ನೇ ಒಪ್ಪಿಸಿದ್ದೇನೆ
ಮಗ್ಗಿ ಒಪ್ಪಿಸಿದ ಹಾಗೆ.
ಲಾಯಿತು, ಲಾಯಿತು, ಲಾಯಿತು.
ಕ್ರಿಯಾಪದಗಳೇ ನಸುಕಿನಲ್ಲೆದ್ದು
ಇಟ್ಟಿಗೆ ಹೊತ್ತವೋ ಏನೋ.

ಈ ತೂಗುದೀಪ ಆಮ್‌ಸ್ಟರ್‌ಡ್ಯಾಮಿನದು.
ಈ ಕಪಾಟು ಬಟಾವಿಯಾದ ತೇಗ.
ವಸ್ತುಗಳಿಗೆಲ್ಲ ಊರಿದೆ ಇಲ್ಲಿ, ನೋಡಿ.

ನನ್ನ ಎದೆಯ ಬಿಲ್ಲೆಯಲ್ಲಿ ಬರೀ ‘ಮೀನಾ’ ಅಂತಿದೆ.
ಹೋದ ವಾರ ಒಬ್ಬರು, ಹೆಗಲಿಗೆ ಕ್ಯಾಮೆರಾ,
‘ಅರೆ, ನಮ್ಮ ಇಂಡಿಯಾದ ಹೆಸರು!’ ಅಂತ ಹಿಗ್ಗಿದರು.
ವಿಲ್ಹೆಲ್ಮೀನಾ, ಸ್ವಾಮಿ. ಬಾಲ ಮಾತ್ರ ಬಿಲ್ಲೆಗೆ ಹಿಡಿಸಿತು.
ಮನೆತನದ ಹೆಸರು ಅಕ್ಟೋಬರ್.
ಶಾಲೆಯಲ್ಲಿ ನನ್ನ ಬೆಂಚಿನಲ್ಲೇ ಒಬ್ಬಳು ಫೆಬ್ರವರಿ,
ಹಿಂದೆ ಇಬ್ಬರು ಸೆಪ್ಟೆಂಬರ್.
‘ಇವತ್ತು ಏಪ್ರಿಲ್ ಬಂದಿಲ್ಲ’ ಅಂತ ಮೇಸ್ಟ್ರು ಅಂದರೆ
ನಾವೇ ಮೊದಲು ನಗುತ್ತಿದ್ದೆವು.

ಜೂನಿನಲ್ಲಿ ಇಲ್ಲಿ ಜಡಿಮಳೆ. ಕಚೇರಿ ಸೋರಿತು.
ಒದ್ದೆ ಕಾಗದ ಒಂದೊಂದಾಗಿ ಒಣಗಿಸುವಾಗ ಸಿಕ್ಕಿತು
ಧಣಿ ಸತ್ತ ವರ್ಷದ ಆಸ್ತಿಪಟ್ಟಿ.
ಹಳೆಯ ಡಚ್ಚು ನನಗೆ ಅರ್ಧಂಬರ್ಧ. ಅಂಕಿ ಪೂರ್ತಿ ಬರುತ್ತದೆ.
ತಾಮ್ರದ ಕೆಟಲ್ ಮೂರು.
ಹೇಸರಗತ್ತೆ ಎರಡು, ಒಂದಕ್ಕೆ ಕಣ್ಣಿಲ್ಲ.
ಅಕ್ಟೋಬರ್, ಮಲಬಾರಿನವನು, ಎಡಗಾಲು ಕುಂಟು,
ನೂರ ಇಪ್ಪತ್ತು ರಿಕ್ಸ್‌ಡಾಲರ್.
ಉಪ್ಪಿನ ಪೀಪಾಯಿ ಆರು.

ಕೊಂಡ ತಿಂಗಳೇ ಹೆಸರು.
ಮಲಬಾರೂ ಅವನು ಹುಟ್ಟಿದ ಊರಲ್ಲವೇನೋ,
ಹಡಗು ಹತ್ತಿಸಿದ ದಂಡೆ ಅಷ್ಟೆ.
ಅವನ ಅವ್ವ ಏನೆಂದು ಕೂಗುತ್ತಿದ್ದಳೋ,
ಯಾವ ಮಾತಿನಲ್ಲಿ ಊಟಕ್ಕೆ ಕರೆಯುತ್ತಿದ್ದಳೋ,
ಅದಕ್ಕೆ ಬೆಲೆ ಕಟ್ಟಿಲ್ಲ, ಹಾಗಾಗಿ ಬರೆದಿಲ್ಲ.
ನನ್ನವನೇ ಅಂತ ಆಣೆ ಇಡಲಾರೆ.
ಆ ತಿಂಗಳಲ್ಲಿ ಸಂತೆ
ಒಂದೇ ಸಲ ನೆರೆದದ್ದಲ್ಲ.

ನಮ್ಮ ಮ್ಯಾನೇಜರ್ ಥ್ಯೂನಿಸನ್ ಕೆಟ್ಟವನಲ್ಲ.
ಪಟ್ಟಿ ಓದಿ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ,
‘ಸ್ವಲ್ಪ ಹಗುರ ಮಾಡಿ ಹೇಳಿ, ಮೀನಾ,
ಶನಿವಾರ ಶನಿವಾರ ಮದುವೆ ಬುಕ್ಕಾಗಿದೆ.’
ಅಗೋ, ಬಿಳಿ ಕಂಬಗಳ ನಡುವೆ ಗಂಟೆ.
ಹಾಳೆಯಲ್ಲಿ ‘ಪುರಾತನ ಗಂಟೆ’. ಪುರಾತನ ಹೌದು,
ಗುಲಾಮರನ್ನು ಎಬ್ಬಿಸುತ್ತಿದ್ದದ್ದು.
ಮದುಮಗಳು ಹಗ್ಗ ಜಗ್ಗುತ್ತಾಳೆ, ಎಲ್ಲರೂ ಚಪ್ಪಾಳೆ.
ನಮ್ಮಜ್ಜಿ ಆ ಸದ್ದು ಕಿವಿಗೆ ಬಿದ್ದರೆ
ಒಲೆಮುಂದೆ ಕೂತವಳು ಎದ್ದು ನಿಂತುಬಿಡುತ್ತಿದ್ದಳು.
ಯಾಕಜ್ಜಿ ಅಂದರೆ ಅವಳಿಗೂ ತಿಳಿಯದು.
ಕಾಲಿಗೆ ತಿಳಿದಿತ್ತು.

ಅಪ್ಪನ ಕೂಲಿಯಲ್ಲಿ ದಿನಕ್ಕೆ ನಾಲ್ಕು ಲೋಟ ವೈನ್ ಇರುತ್ತಿತ್ತು,
ಮೊದಲನೆಯದು ಖಾಲಿ ಹೊಟ್ಟೆಗೆ.
ಕೊನೆಗೆ ನಿಮಗೆ ರುಚಿಗೆ ಕೊಡುವುದೂ
ಅದೇ ಇಳಿಜಾರಿನದು. ಚೆನ್ನಾಗಿದೆ ಅಂತಾರೆ.

ಹಾಳೆ ಮಡಚಿಕೊಳ್ಳಿ, ಸೆಕೆಗೆ ಬೀಸಣಿಗೆಯಾದೀತು.
ಬಾಗಿಲಿನಿಂದ ಮತ್ತೆ ಶುರುಮಾಡೋಣ.
ಈ ಹೊಸ್ತಿಲು ಅಕ್ಟೋಬರ್ ಇಟ್ಟದ್ದು.
ಇರಬಹುದು. ಇಲ್ಲದಿದ್ದರೆ ಫೆಬ್ರವರಿ, ಇಲ್ಲವೇ ಏಪ್ರಿಲ್.
ಕುಂಟುವವನು ಇಷ್ಟು ಎತ್ತರ ಯಾಕೆ ಇಟ್ಟನೋ,
ಯಾರು ನಿಂತು ಇಡಿಸಿದರೋ.

ಜೋಪಾನ.