ಸಕ್ಕರೆ ಕಮ್ಮಿ

ಶಿಡ್ಲಘಟ್ಟ. ಊಟದ ಬೆಲ್ಲಾದ ಮೇಲಿನ ಪೀರಿಯಡ್ಡು.
ಕಿಟಕಿಯಾಚೆ ರೀಲರುಗಳ ಬಾಣಲೆಯಿಂದ
ಬೆಂದ ಹುಳದ ವಾಸನೆ.
ಹೊಸಬರು ಮೂಗು ಮುಚ್ಚುತ್ತಾರೆ; ನಮಗದು ಹೊತ್ತಿನ ಗುರುತು.
ಏಳನೇ ಪಾಠ: ಅಹಿಂಸೆಯ ದಾರಿ ಹಿಡಿದವರು.
ಪುಟಕ್ಕೊಂದು ಪಟ, ಪಟದಡಿ ಹುಟ್ಟಿದ ದಿನ, ಸತ್ತ ದಿನ,
ಹೋದ ವರ್ಷದ ಮಕ್ಕಳು ಬರೆದ ಮೀಸೆ.

"ಇವರ್ನೆಲ್ಲ ಸಾಯಿಸಿಬಿಟ್ರಾ ಮಿಸ್?"
ಎಂದ ಚಲಪತಿ, ಪೆನ್ಸಿಲ್ ಕಚ್ಚುತ್ತ.
ಎಲ್ಲರನ್ನೂ ಅಲ್ಲ, ಎಂದೆ.
"ಮತ್ತೆ ಗೆದ್ದಿದ್ದು ಹೆಂಗೆ?"
ಉತ್ತರ ಕೊನೇ ಪುಟದಲ್ಲಿತ್ತು, ಎರಡು ಸಾಲು.
ಪುಸ್ತಕ ಮುಚ್ಚಿದೆ.

ಪಿಳ್ಳಮ್ಮ ಅಂತ ಒಬ್ಬಳಿದ್ದಳು, ಈ ಊರಲ್ಲೇ.
ನೂಲು ತೆಗೆಯುವವಳು. ಬಿಸಿನೀರಿಗೆ ಅದ್ದಿ ಅದ್ದಿ
ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿದವಳು.
"ನಮ್ಮಮ್ಮಂದೂ ಹಂಗೇ," ಮುಬೀನಾ ಕೈ ಎತ್ತದೆಯೇ ಹೇಳಿದಳು.
ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಹೋಟೆಲು.
ಒಳಗೆ ಗಾಜಿನ ಲೋಟ. ಹೊರಗೆ, ಹೊಂಗೆಮರದ ಮೊಳೆಯಲ್ಲಿ
ಸಾಲಾಗಿ ತೆಂಗಿನ ಚಿಪ್ಪು.
ಯಾರಿಗೆ ಯಾವುದು ಅಂತ ಬೋರ್ಡು ಇರಲಿಲ್ಲ.
ಬೇಕಾಗಿರಲಿಲ್ಲ.

ಒಂದು ಬೆಳಿಗ್ಗೆ ಒಳಗೆ ಹೋಗಿ ಬೆಂಚಿನ ತುದಿಗೆ ಕೂತಳು.
ಟೀ ಅಂದಳು, ನಾಲ್ಕಾಣೆ ಇಟ್ಟಳು.
ಚಿಪ್ಪಲ್ಲಿ ಬಂತು.
ಮುಟ್ಟಲಿಲ್ಲ. ಕೆನೆ ಕಟ್ಟಿ, ನೊಣ ಬಿದ್ದು, ತಣ್ಣಗಾಗುವವರೆಗೆ ಕೂತು
"ನಾಳೆ ಬರ್ತೀನಿ ಸ್ವಾಮಿ" ಎಂದು ಎದ್ದಳು.
ಬಂದಳು.
ಬೆಂಚಿಗೆ ನೀರು ಸುರಿದಿದ್ದರು; ಸೆರಗಲ್ಲಿ ಒರೆಸಿ ಕೂತಳು.
ಬೆಂಚೇ ತೆಗೆದರು; ನೆಲದ ಮೇಲೆ ಕೂತಳು.
ದಿನಕ್ಕೆ ಮೂರು ರೂಪಾಯಿ ಕೂಲಿ,
ಅದರಲ್ಲಿ ನಾಲ್ಕಾಣೆ ಕುಡಿಯದ ಟೀಗೆ.
"ಲಾಸು!" ಎಂದ ಚಲಪತಿ.
ಲಾಸೇ, ಎಂದೆ.

ಒಂದು ದಿನ ಹೋಟೆಲಿನವನು ಸೌಟು ಎತ್ತಿದ.
ಇಡೀ ಕ್ಲಾಸು ಮುಂದಕ್ಕೆ ಬಾಗಿತು.
"ತಿರುಗಿಸಿ ಹೊಡೆದ್ಳಾ ಮಿಸ್?"
"ಓಡೋದ್ಳಾ?"
ಎತ್ತಿದ ಸೌಟಿನ ಕೆಳಗೇ ಕೂತು, ಅವನ ಹೆಗಲಾಚೆ ನೋಡಿ
ಪಿಳ್ಳಮ್ಮ ಅಂದಳು:
"ಹಾಲು ಉಕ್ತಾ ಐತೆ, ಸ್ವಾಮಿ."

ನಿಜಕ್ಕೂ ಉಕ್ಕುತ್ತಿತ್ತು.

ಎಲ್ಲ ನಕ್ಕರು. ಮೂರನೇ ಸಾಲಿನ ಫಣೀಂದ್ರ ನಗಲಿಲ್ಲ.
ಅವನ ಮನೆಯಲ್ಲಿ, ಹಳೇ ಗಲ್ಲಾಪೆಟ್ಟಿಗೆಯ ಮೇಲೆ
ಹಾರ ಹಾಕಿದ ಫೋಟೋ ಒಂದಿದೆ; ನೋಡಿದ್ದೇನೆ.
"ಯಾವ ಹೋಟ್ಲು ಮಿಸ್?"
ಈಗಿಲ್ಲ, ಎಂದೆ, ಸೀಮೆಸುಣ್ಣ ಹುಡುಕುತ್ತ.
ಪಿಳ್ಳಮ್ಮ ನನಗೇನಾಗಬೇಕು ಅಂತಲೂ ಹೇಳಲಿಲ್ಲ.

ಮಳೆಗಾಲ ಮುಗಿದು ಸಂತೆಗೆ ಅವರೆಕಾಯಿ ಬಂತು.
ಅಷ್ಟರಲ್ಲಿ ನೆಲದ ಮೇಲೆ ಆರು ಹೆಂಗಸರು,
ಆರು ನಾಲ್ಕಾಣೆ, ಆರಿದ ಟೀ ಆರು ಚಿಪ್ಪು.
ಆಮೇಲೊಂದು ಬೆಳಿಗ್ಗೆ
ಅವನು ಯಾರ ಮುಖವನ್ನೂ ನೋಡದೆ ಗಾಜಿನ ಲೋಟ ತಂದಿಟ್ಟ.
"ಭಾಷಣ ಮಾಡಿದ್ಳಾ?"
ಇಲ್ಲ. ಒಂದು ಗುಟುಕು ಕುಡಿದಳು.
"ಸಕ್ಕರೆ ಕಮ್ಮಿ," ಎಂದಳು.

ಪಾಠ ಮುಗಿಯಿತು ಅಂದುಕೊಂಡಿದ್ದೆ.
"ಮಿಸ್, ಪಿಳ್ಳಮ್ಮ ಹುಳ ಬೇಯಿಸ್ತಿದ್ಳಲ್ಲಾ," ಎಂದಳು ಮುಬೀನಾ,
"ಅದು?"
ನಲವತ್ತು ಕಣ್ಣು ನನ್ನ ಮೇಲೆ.
ನನ್ನ ಸೀರೆಯಂಚಿನಲ್ಲಿ ಒಂದೆಳೆ ರೇಷ್ಮೆ.
ಗೊತ್ತಿಲ್ಲ ಮಗಾ, ಎಂದೆ.
ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದು
ಒರೆಸದೆ ಬಿಟ್ಟೆ.

ಆಟದ ಹೊತ್ತಿಗೆ ಅಂಗಳದಲ್ಲಿ ಹೋಟೆಲು ಎದ್ದಿತ್ತು.
ಎಲ್ಲರಿಗೂ ಹೋಟೆಲಿನವನೇ ಆಗಬೇಕು, ಸೌಟು ಅವನದಲ್ಲವೇ.
ಪಿಳ್ಳಮ್ಮ ಆಗಲು ಯಾರೂ ಒಲ್ಲರು:
ಸುಮ್ಮನೆ ಕೂರುವುದೂ ಒಂದು ಆಟವೇ?
ಕೊನೆಗೆ ಮುಬೀನಾ ಲಂಗ ಮಡಿಸಿ ಮಣ್ಣಲ್ಲಿ ಕೂತಳು.
ಜಗಳವಾಡಿ ಗೆದ್ದ ಫಣೀಂದ್ರ
ಬೇವಿನ ಕಡ್ಡಿಯನ್ನು ತಲೆಗಿಂತ ಎತ್ತರಕ್ಕೆ ಎತ್ತಿದ.
ಅವನ ಕಣ್ಣು ಆಟದ ಕಣ್ಣಾಗಿರಲಿಲ್ಲ.
ಸ್ಟಾಫ್‌ರೂಮಿನ ಬಾಗಿಲಲ್ಲಿ ನಾನು ಒಂದು ಹೆಜ್ಜೆ ಇಟ್ಟು ನಿಂತೆ.

"ಹಾಲು ಉಕ್ತಾ ಐತೆ, ಸ್ವಾಮಿ."

ಒಲೆ ಇರಲಿಲ್ಲ. ಹಾಲಿರಲಿಲ್ಲ.
ಆದರೂ ಅವನು
ತಿರುಗಿ ನೋಡಿದ.